ದೆಂಬೆಚಾದಲ್ಲಿ ರಾತ್ರಿ ಒಂಬತ್ತು

ಕುಮಟಾ
ತಾ. ೩-೧-೧೯೬೫, ಆದಿತ್ಯವಾರ

ಶ್ರೀ ಕೃಷ್ಣಾನಂದ ಭಟ್ಟರು, ಶಿಕ್ಷಕರು
ದೆಂಬೆಚಾ, ಇಥಿಯೋಪಿಯಾ

ನಮ್ಮನೆಯವರಿಗೆ, ಮೂಕಾಂಬಿ ಮಾಡುವ ನಮಸ್ಕಾರಗಳು.

ಇಲ್ಲಿ ಈಗ ಬೆಳಗಿನ ಹತ್ತು ಗಂಟೆ. ನಿಮ್ಮ ಕೈಗಡಿಯಾರದಲ್ಲಿ ಏಳೂವರೆ. ನಿಮ್ಮ ಊರಿನವರನ್ನು ಕೇಳಿದರೆ ಒಂದೂವರೆ ಎನ್ನುತ್ತಾರೆ. ಮೂರನ್ನೂ ಬರೆದೇ ಕಾಗದ ಶುರು ಮಾಡಿದ್ದೇನೆ, ಯಾಕೆಂದರೆ ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ. ದಯವಿಟ್ಟು ಇದನ್ನು ಶಾಲೆಯಲ್ಲಿ ಪಾಠದ ನಡುವೆ ಒಡೆಯಬೇಡಿ. ಮನೆಗೆ ಹೋಗಿ, ಕೂತು, ಪೂರಾ ಓದಿ. ಒಳಗೆ ಅಂಟು ಹಚ್ಚಿದ ಇನ್ನೊಂದು ಸಣ್ಣ ಲಕೋಟೆ ಇದೆ. ಅದನ್ನು ಈಗಲೇ ತೆರೆಯಬೇಡಿ. ಯಾವಾಗ ತೆರೆಯಬೇಕೆಂದು ಕೊನೆಗೆ ಹೇಳುತ್ತೇನೆ.

ನಿಮ್ಮ ಕಾಗದ ಮೊನ್ನೆ ಮಂಗಳವಾರ ಬಂತು. ನಾನು ಇಲ್ಲಿ ತವರಿನ ಅಡುಗೆಮನೆಯಲ್ಲಿ ದೋಸೆಗೆ ಅರೆಯುತ್ತಿದ್ದೆ. ಕೈ ತೊಳೆಯುವಷ್ಟು ತಾಳ್ಮೆಯಿಲ್ಲದೆ ಹಾಗೇ ಒಡೆದೆ. ಕೂಸನ್ನು ಭಟ್ಕಳದ ಪರಮೇಶ್ವರಣ್ಣನಿಗೆ ದತ್ತು ಕೊಡಲು ನಿಮ್ಮ ಒಪ್ಪಿಗೆ ಇದೆಯೆಂದೂ, ಹಾಗೆಂದು ಮಾವಯ್ಯನಿಗೆ ಸಹಿ ಮಾಡಿ ಕಳಿಸಿದ್ದೀರೆಂದೂ, ನಾನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂದೂ, ಬೇಸಿಗೆಯಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗುವಿರೆಂದೂ ಬರೆದಿದ್ದೀರಿ. ಕೊನೆಗೆ, ನಮಗಿನ್ನೂ ವಯಸ್ಸಿದೆ, ಮಕ್ಕಳಾಗುತ್ತವೆ ಎಂದು ಒಂದು ಸಾಲು. ಆ ಸಾಲಿನ ಮೇಲೆ ನನ್ನ ಹಿಟ್ಟಿನ ಬೆರಳು ಬಿದ್ದು ಅಕ್ಷರ ಕಲಸಿಹೋಯಿತು. ಒಳ್ಳೆಯದೇ ಆಯಿತು.

ದತ್ತಕಕ್ಕೆ ಮಾಘ ಶುದ್ಧ ಪಂಚಮಿಯ ಮುಹೂರ್ತ ಇಟ್ಟಿದ್ದಾರೆ. ಇಂಗ್ಲಿಷ್ ತಾರೀಖು ಫೆಬ್ರವರಿ ಆರು. ಈ ಕಾಗದ ವಿಮಾನದಲ್ಲಿ ಬಂದು, ಅಲ್ಲಿಂದ ಬಸ್ಸೋ ಹೇಸರಗತ್ತೆಯೋ ಹತ್ತಿ ನಿಮ್ಮ ಕೈ ಸೇರುವಾಗ ಈ ತಿಂಗಳು ಮುಗಿಯುತ್ತ ಬಂದಿರುತ್ತದೆ. ಉಳಿದ ಕೆಲವೇ ದಿನಗಳಲ್ಲಿ ನೀವು ಒಂದು ತಂತಿ ಕೊಡಬೇಕು. ನನಗಲ್ಲ, ಮಾವಯ್ಯನಿಗೆ. ಹೊನ್ನಾವರದ ಆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂದು ನಿಮಗೆ ಗೊತ್ತು.

ಕೋಪ ಮಾಡಿಕೊಳ್ಳಬೇಡಿ ಎಂದು ಕೇಳುವುದಿಲ್ಲ. ಮಾಡಿಕೊಳ್ಳಿ. ಆದರೆ ಓದಿ. ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಯಾಕೆಂದರೆ ನೀವು ಎಲ್ಲ ಮರೆತವರ ಹಾಗೆ ಬರೆದಿದ್ದೀರಿ.

ಕೂಸು ಹುಟ್ಟಿದ ಆ ವರ್ಷ ಮಳೆ ನಿಲ್ಲುತ್ತ ಬಂದು ದೆಂಬೆಚಾದ ಗುಡ್ಡದ ತುಂಬ ಹಳದಿ ಹೂವು ಬಿಟ್ಟಿತ್ತು. ಅವರಿಗೆ ಹೊಸ ವರ್ಷ, ನಮಗೆ ಭಾದ್ರಪದ. ಶಾಲೆಯ ಕೆಲಸವೆಂದು ದೆಬ್ರೆ ಮಾರ್ಕೋಸಿಗೆ ಹೋದ ನೀವು ಹೊಳೆ ತುಂಬಿ ಆಚೆಯೇ ಉಳಿದಿರಿ. ಮನೆಯಲ್ಲಿದ್ದ ಒಂದೇ ಗಡಿಯಾರ ನಿಮ್ಮ ಕೈಯಲ್ಲಿತ್ತು. ನನಗೆ ನೋವು ಶುರುವಾಯಿತು. ಪಕ್ಕದ ಮನೆಯ ಅಲೆಮ್ ಅಮ್ಮ, ಆ ಊರಿನ ಸೂಲಗಿತ್ತಿ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ನನ್ನನ್ನು ಮಲಗಿಸಿ ಬಾಗಿಲು ಹಾಕಿದಳು. ಎಷ್ಟು ಹೊತ್ತು ಒದ್ದಾಡಿದೆನೋ ನನಗೆ ತಿಳಿಯದು. ನಡುನಡುವೆ ಎಚ್ಚರ ತಪ್ಪುತ್ತಿತ್ತು. ಕೂಸು ಅತ್ತ ಕೂಡಲೇ ಹೊತ್ತೆಷ್ಟು ಎಂದು ಕೇಳಿದೆ. ಪ್ರಾಣ ಹೋಗುತ್ತಿದ್ದರೂ ನಮ್ಮ ಕಡೆಯ ಹೆಂಗಸರು ಇದೊಂದನ್ನು ಕೇಳಿಯೇ ಕೇಳುತ್ತಾರೆ. ಅಲೆಮ್ ಅಮ್ಮ ಹೊರಗೆ ಹೋಗಿ ತನ್ನ ಗಂಡನ ಗಡಿಯಾರ ನೋಡಿ ಬಂದು, ರಾತ್ರಿ ಒಂಬತ್ತು ಎಂದಳು. ಜೆತೆಞ್. ಆ ಶಬ್ದವನ್ನು ಬಾಯಿಪಾಠ ಮಾಡಿಕೊಂಡು ಮಲಗಿದೆ.

ಮೂರನೆಯ ದಿನ ನೀವು ಬಂದಿರಿ. ಕೂಸನ್ನು ಎತ್ತಿಕೊಂಡು, ಇದರ ಮೂಗು ನಮ್ಮ ಆಯಿಯದು ಎಂದು ತೀರಿಹೋದ ತಾಯಿಯನ್ನು ನೆನೆದಿರಿ. ಆಕೆಯ ಹೆಸರನ್ನೇ ಇಡೋಣ, ನರ್ಮದಾ ಎಂದಿರಿ. ಹುಟ್ಟಿದ್ದು ಎಷ್ಟು ಹೊತ್ತಿಗೆ ಎಂದು ಕೇಳಿದಿರಿ. ರಾತ್ರಿ ಒಂಬತ್ತಕ್ಕೆ ಎಂದೆ. ನೀವು ಅದನ್ನೇ ಮಾವಯ್ಯನಿಗೆ ಬರೆದಿರಿ, ಮಾವಯ್ಯ ಜಾತಕ ಬರೆದರು. ಮೂಲಾ ನಕ್ಷತ್ರ, ಒಂದನೆಯ ಪಾದ. ತಂದೆಯ ಜೀವಕ್ಕೆ ಕೇಡು, ತಂದೆಯಾದವನು ಕೂಸಿನ ಮುಖ ನೋಡಕೂಡದು.

ಆ ಕಾಗದ ಓದಿ ನೀವು ನಕ್ಕಿದ್ದಿರಿ. ವಿಜ್ಞಾನ ಕಲಿಸುವ ಮಾಸ್ತರರಲ್ಲವೇ. ಕೂಸಿನ ಕೆನ್ನೆಗೆ ಕೆನ್ನೆ ತಾಗಿಸಿ, ನಿನ್ನಿಂದ ಯಂಗೆ ಎಂತ ಆಗ್ತೇ ಕೂಸೆ ಎಂದು ಆಡಿಸಿದಿರಿ. ಎಂಟು ದಿನಕ್ಕೆ ಜ್ವರ ಬಂತು. ಮೈಯೆಲ್ಲ ಕೆಂಪು ಗುಳ್ಳೆ, ಎಚ್ಚರವಿಲ್ಲದ ಬಡಬಡಿಕೆ. ಹೇನಿನಿಂದ ಬರುವ ಜ್ವರ, ಈ ಬೀದಿಯಲ್ಲೇ ಎಷ್ಟೋ ಮನೆಗೆ ಬಂದಿದೆ ಎಂದು ಔಷಧಿ ಕೊಡುವವನು ಹೇಳಿದ. ಬಂದ ಮನೆಗಳಲ್ಲಿ ಮೂಲಾ ನಕ್ಷತ್ರದ ಕೂಸುಗಳು ಇದ್ದುವೇ ಎಂದು ನೀವು ಕೇಳಲಿಲ್ಲ. ಬದುಕಿಕೊಂಡಿರಿ, ನನ್ನ ಪುಣ್ಯ. ಆದರೆ ಎದ್ದು ಕೂತ ದಿನ ನಾನು ಕೂಸನ್ನು ಹತ್ತಿರ ತಂದರೆ ಮುಖವನ್ನು ಗೋಡೆಗೆ ತಿರುಗಿಸಿದಿರಿ. ಮರುದಿನ ಮನೆಯ ನಡುವೆ ನನ್ನದೇ ಸೀರೆಯ ಪರದೆ ಬಂತು. ಆಮೇಲೆ ಕೂಸು ಅತ್ತರೆ ನೀವು ಅಂಗಳಕ್ಕೆ ಹೋಗುತ್ತಿದ್ದಿರಿ.

ಅವಳಿಗೆ ಐದು ತಿಂಗಳಾಗುತ್ತಲೇ, ಊರಿಗೆ ಹೊರಟ ಗುಜರಾತಿ ಕುಟುಂಬದ ಜೊತೆ ಮಾಡಿ ನಮ್ಮಿಬ್ಬರನ್ನು ಜಿಬೂತಿಯ ರೈಲು ಹತ್ತಿಸಿದಿರಿ. ರೈಲು ಹೊರಡುವಾಗ ಕಿಟಕಿಗೆ ಸರಿಯಾಗಿ ಅವಳನ್ನು ಎತ್ತಿ ಹಿಡಿದೆ. ನೀವು ನೆಲ ನೋಡುತ್ತಿದ್ದಿರಿ. ಹೆದರುಪುಕ್ಕಲ ಎಂದು ನಿಮ್ಮನ್ನು ಅಡೆನ್ ಮುಟ್ಟುವವರೆಗೂ ಮನಸ್ಸಿನಲ್ಲೇ ಬೈದೆ. ಮುಂದೆ ಹಡಗು ಹೊಯ್ದಾಡಿ ವಾಂತಿ ಶುರುವಾದ್ದರಿಂದ ಬೈಯುವುದು ನಿಂತಿತು.

ಮಾವಯ್ಯನ ಮೇಲೂ ನನಗೆ ಪೂರಾ ಸಿಟ್ಟು ಬರುವುದಿಲ್ಲ. ನಿಮಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳನ್ನು ಕೈಯಾರೆ ಮಣ್ಣು ಮಾಡಿ ಬಂದವರು ಅವರು. ಉಳಿದದ್ದು ನೀವೊಬ್ಬರು. ಶಾಂತಿ ಮಾಡಿಸಿ, ಎಣ್ಣೆಯಲ್ಲಿ ಕೂಸಿನ ಮುಖ ನೋಡಿದರೆ ದೋಷ ಹೋಗದೇ ಎಂದು ನನ್ನ ಆಯಿ ಕೇಳಿದಳು. ಮಗನಿಗೆ ಜ್ವರ ಬಂದು ಹೋದ ಮೇಲೆ ಶಾಂತಿಯೊಂದನ್ನೇ ನಂಬಿ ಕೂರಲು ತನಗೆ ಧೈರ್ಯ ಸಾಲದು ಎಂದರು. ಕೂಸು ಬೇರೆ ಮನೆಯ ಕೂಸಾಗಿಬಿಟ್ಟರೆ ದೋಷವೂ ಅದರ ಜೊತೆ ಕಳಚಿಹೋಗುತ್ತದೆ ಎಂಬುದು ಅವರ ಲೆಕ್ಕ. ಮೂರು ವರ್ಷವಾದರೂ ಅವರು ಅವಳನ್ನು ಹೆಸರು ಹಿಡಿದು ಕರೆದಿಲ್ಲ. ತಮ್ಮ ಹೆಂಡತಿಯ ಹೆಸರು ಬಾಯಿಗೆ ಬಂದರೆ ಕೊಟ್ಟುಬಿಡುವುದು ಕಷ್ಟವಾದೀತು ಎಂದಿರಬಹುದು.

ನಿಮ್ಮ ಸೋದರಮಾವನ ಮಗ ಪರಮೇಶ್ವರಣ್ಣ, ಅವನ ಹೆಂಡತಿ ಕಾವೇರಕ್ಕ ಇಬ್ಬರೂ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹೋದ ತಿಂಗಳು ಅಂಗಡಿ ಮುಚ್ಚಿ, ಹೊನ್ನಾವರದಲ್ಲಿ ಲಾಂಚಿನಲ್ಲಿ ಹೊಳೆ ದಾಟಿ ಇಲ್ಲಿಯವರೆಗೆ ಬಂದರು. ಕೂಸಿಗೆ ಕಾವೇರಕ್ಕ ತಾನೇ ಹೊಲಿದ ಲಂಗ, ಹಸಿರು ಬಳೆ ತಂದಿದ್ದಳು. ಕೂಸು ಹೋಗಿ ಅವಳ ತೊಡೆಯ ಮೇಲೆ ಕೂತಿತು. ಇದಕ್ಕೆ ಎಂತ ಇಷ್ಟ, ಯಾವುದಕ್ಕೆ ಹೆದರುತ್ತದೆ ಎಂದು ಆಕೆ ಒಂದೊಂದಾಗಿ ಕೇಳಿದಳು. ಅವಲಕ್ಕಿಗೆ ಬೆಲ್ಲ ಹೆಚ್ಚು ಬೇಕು ಎಂದೆ. ಗುಡುಗಿದರೆ ಕಿವಿ ಮುಚ್ಚಿ ಹಿಡಿದುಕೊಳ್ಳಬೇಕು ಎಂದೆ. ಎಡ ಮಗ್ಗುಲಿಗೆ ಹಾಕಿ ತಟ್ಟಿದರೆ ಬೇಗ ನಿದ್ದೆ ಬರುತ್ತದೆ ಎಂದೆ. ನಾನು ಎಂತ ಮಾಡುತ್ತಿದ್ದೇನೆ ಎಂಬುದು ಆಗ ಹೊಳೆಯಿತು. ಎದ್ದು ಒಳಗೆ ಹೋಗಿ ಅಕ್ಕಿ ಡಬ್ಬಿಯ ಹತ್ತಿರ ಕೂತೆ.

ಈಗ ಗಂಟೆಯ ವಿಷಯಕ್ಕೆ ಬರುತ್ತೇನೆ.

ಹೋದ ಚೌತಿಯ ಹೊತ್ತಿಗೆ ತಮ್ಮ ಮಾದೇವ ಊಟಕ್ಕೆ ಕೂತವನು, ಭಾವ ಈಗ ಎಂತ ಮಾಡುತ್ತಿರಬಹುದು, ಅಲ್ಲಿ ಇನ್ನೂ ಬೆಳಕಿರಬೇಕು ಎಂದ. ಅವನು ಇಲ್ಲಿಯ ಹೈಸ್ಕೂಲಿನಲ್ಲಿ ಗುಮಾಸ್ತೆ, ಅಲ್ಲಿ ಭೂಮಿಯ ಗೋಲ ಇದೆ. ಹೊತ್ತು ಮೊದಲು ನಮ್ಮಲ್ಲಿ ಹುಟ್ಟುತ್ತದೆ, ಎರಡೂವರೆ ತಾಸು ಬಿಟ್ಟು ಅಲ್ಲಿಗೆ ಹೋಗುತ್ತದೆ ಎಂದು ವಿವರಿಸಿದ. ನನಗೆ ಊಟ ಸೇರಲಿಲ್ಲ. ನೀವು ಒಂಬತ್ತು ಎಂದು ಬರೆದದ್ದನ್ನು ಮಾವಯ್ಯ ಹೊನ್ನಾವರದ ಒಂಬತ್ತು ಎಂದೇ ಹಿಡಿದಿದ್ದರು. ಅಲ್ಲಿ ಒಂಬತ್ತಾದರೆ ಇಲ್ಲಿ ಹನ್ನೊಂದೂವರೆ. ಚಂದ್ರ ಎಲ್ಲರಿಗೂ ಒಬ್ಬನೇ ಅಲ್ಲವೇ, ನಡುವೆ ಅವನು ಮುಂದೆ ಹೋಗಿರಬೇಕಲ್ಲವೇ. ಬೆಳಗಿನ ಮೊದಲ ಬಸ್ಸಿಗೇ ಕೂಸನ್ನು ಕಟ್ಟಿಕೊಂಡು ಹೊನ್ನಾವರಕ್ಕೆ ಓಡಿದೆ.

ಮಾವಯ್ಯ ಬೈಯಲಿಲ್ಲ. ಆಸೆಯಿಂದಲೇ ಆ ವರ್ಷದ ಪಂಚಾಂಗ ಹುಡುಕಿ ತೆಗೆದರು. ನಾನು ಜಗುಲಿಯ ಕಂಬಕ್ಕೆ ಒರಗಿ ಕೂತೆ. ಅವರು ಎಷ್ಟೋ ಸಲ ಗುಣಿಸಿದರು, ಅಳಿಸಿದರು, ಮತ್ತೆ ಗುಣಿಸಿದರು. ಕೊನೆಗೆ ಕನ್ನಡಕ ತೆಗೆದು, ಗಂಟೆ ಬದ್ಲಾತು ತಂಗಿ, ಪಾದ ಬದ್ಲಾಯ್ದಿಲ್ಲೆ ಎಂದರು. ಒಂದನೆಯ ಪಾದ ನಮ್ಮ ನಡುರಾತ್ರಿ ಕಳೆದು ಒಂದು ಗಂಟೆಯವರೆಗೂ ಇತ್ತಂತೆ. ಹನ್ನೊಂದೂವರೆಯೂ ಅದರೊಳಗೇ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕೂಸು ಮಲಗಿ ನನ್ನ ತೊಡೆ ಜೋಮು ಹಿಡಿಯಿತು. ನಾನು ಅಳುವುದು ಅದಕ್ಕೇ ಎಂದು ತಿಳಿದು ಪಕ್ಕದ ಹೆಂಗಸು ಕೂಸನ್ನು ಸ್ವಲ್ಪ ಹೊತ್ತು ತಾನು ಎತ್ತಿಕೊಂಡಳು.

ಅದಾದ ಮೇಲೆ ನನ್ನಲ್ಲಿ ವಾದ ಮಾಡಲು ಏನೂ ಉಳಿದಿರಲಿಲ್ಲ. ನಿಮ್ಮ ಕಾಗದ ಬಂದ ಮಂಗಳವಾರ ನಾನು ಸೋತೇ ಇದ್ದೆ. ಸತ್ತುಹೋಗೋಣ ಎಂದು ಅನ್ನಿಸಿತ್ತು ಎಂದು ಬರೆದರೆ ನಿಮಗೆ ಹೆದರಿಕೆಯಾಗುತ್ತದೆ, ಆದರೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಕೇಳಿ.

ಮೊನ್ನೆ ಗುರುವಾರ ಸಂಜೆ ಕೂಸು ಅಂಗಳದಲ್ಲಿ ತೆಂಗಿನ ಗರಟೆ ಹರಡಿಕೊಂಡು ಅಂಗಡಿ ಆಟ ಆಡುತ್ತಿತ್ತು. ನಾನು ಅವಳಿಗೆ ಅಲ್ಲಿಯ ಲೆಕ್ಕ ಕಲಿಸಿದ್ದೇನೆ. ಅಂದ್, ಹುಲೆತ್, ಸೋಸ್ತ್, ಅರಾತ್ ಎಂದು ಗರಟೆ ಎಣಿಸುತ್ತಾಳೆ. ಅವಳು ಹುಟ್ಟಿದ ಊರಿನ ಗುರುತು ಅದೊಂದೇ ಅವಳ ಹತ್ತಿರ ಇರುವುದು. ಶನಿವಾರದ ಸಂತೆಗೆ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಅಲೆಮ್ ಅಮ್ಮನೂ ಬೆಳಗಿನ ಎರಡು ಗಂಟೆಗೆ ಹೊರಡುತ್ತಿದ್ದೆವು ಎಂದು ಕತೆ ಹೇಳುತ್ತಿದ್ದೆ. ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಆಯಿ, ಬೆಳಗಾಗುವ ಮೊದಲು ಎರಡ್ ಗಂಟಿಗೆ ಎಂತ ಸಂತ್ಯೇ, ದೆವ್ವದ ಸಂತ್ಯಾ ಎಂದು ನಕ್ಕಳು. ನಾನೂ ನಕ್ಕು ಬಿಡಿಸಿ ಹೇಳಲು ಹೊರಟೆ. ಅಲ್ಲ ಆಯಿ, ಅವರ ಎರಡು ಅಂದರೆ ನಮ್ಮ ಬೆಳಗಿನ ಎಂಟು. ಅಲ್ಲಿ ಹೊತ್ತು ಹುಟ್ಟಿ ಒಂದು ತಾಸಾದರೆ ಒಂದು ಗಂಟೆ. ಹೊತ್ತು ಮುಳುಗಿ ಒಂದು ತಾಸಾದರೆ ರಾತ್ರಿಯ ಒಂದು ಗಂಟೆ. ಇಷ್ಟು ಹೇಳುವಷ್ಟರಲ್ಲಿ ಜೆತೆಞ್ ಎಂಬ ಆ ಶಬ್ದ ನೆನಪಾಯಿತು.

ಅಲೆಮ್ ಅಮ್ಮನ ಗಂಡನ ಗಡಿಯಾರದ ಒಂಬತ್ತು ನಿಮ್ಮ ಗಡಿಯಾರದ ಒಂಬತ್ತಲ್ಲ. ಹೊತ್ತು ಮುಳುಗಿ ಒಂಬತ್ತು ತಾಸು. ಬೆಳಗಿನ ಜಾವ ಮೂರು.

ನಿಮಗೆ ಇದು ಗೊತ್ತಿತ್ತು. ನನಗೂ ಗೊತ್ತಿತ್ತು. ಹಾಲಿನವಳು ಒಂದು ಗಂಟೆಗೆ ಬರುತ್ತೇನೆ ಎಂದರೆ ನಾನು ಬೆಳಗ್ಗೆ ಏಳಕ್ಕೆ ಪಾತ್ರೆ ಹಿಡಿದು ನಿಲ್ಲುತ್ತಿದ್ದೆ. ಆದರೆ ಆ ದಿನ ಅಲೆಮ್ ಅಮ್ಮನ ಗಂಟೆಯನ್ನು ಇದ್ದ ಹಾಗೇ ಎತ್ತಿ ಕನ್ನಡದಲ್ಲಿ ಇಟ್ಟೆ. ಹೆಂಡತಿ ಹೇಳಿದ್ದಲ್ಲವೇ, ನಮ್ಮ ಗಂಟೆಯೇ ಇರಬೇಕು ಎಂದು ನೀವು ತೆಗೆದುಕೊಂಡಿರಿ. ನಿಮ್ಮ ಶಾಲೆಯ ಯಾವ ಹುಡುಗನಾದರೂ ಒಂಬತ್ತು ಎಂದಿದ್ದರೆ ಕೂಡಲೇ ಆರು ಕೂಡಿಸುತ್ತಿದ್ದಿರಿ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದು. ಮಾವಯ್ಯನ ಪಂಚಾಂಗವೂ ಹೊತ್ತು ಹುಟ್ಟುವುದರಿಂದಲೇ ಘಳಿಗೆ ಎಣಿಸುತ್ತದೆ. ಅವರೂ ಅಲೆಮ್ ಅಮ್ಮನೂ ಎದುರುಬದುರು ಕೂತು ಮಾತಾಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ನಡುವೆ ಓದಿದ ನಾವಿಬ್ಬರು ಇದ್ದೆವು.

ಅಂದಿನಿಂದ ಒಂದೊಂದೇ ನೆನಪಾಗುತ್ತಿದೆ. ಕೂಸು ಅಳುವ ಮೊದಲೇ ಹೊರಗೆ ಕೋಳಿ ಕೂಗಿತ್ತು. ಕೂಸನ್ನು ಮೀಯಿಸಿ, ನನ್ನನ್ನು ಒರೆಸಿ, ಹೆಂಗಸರು ಕಾಫಿಬೀಜ ಹುರಿಯಲು ಕೂತ ಸ್ವಲ್ಪ ಹೊತ್ತಿಗೆಲ್ಲ ಇಗರ್ಜಿಯಲ್ಲಿ ಹಾಡು ಶುರುವಾಯಿತು. ಅಲೆಮ್ ಅಮ್ಮ ನೀರು ಚೆಲ್ಲಲು ಬಾಗಿಲು ತೆರೆದಾಗ ಹೊಸ್ತಿಲಿನ ಮೇಲೆ ಬೆಳಕು ಬಿದ್ದಿತ್ತು. ಎಚ್ಚರ ತಪ್ಪಿ ಇಡೀ ರಾತ್ರಿ ಮಲಗಿಬಿಟ್ಟೆನೇನೋ ಎಂದು ಅಂದುಕೊಂಡಿದ್ದೆ. ನಾನು ಮಲಗಿರಲಿಲ್ಲ. ಕೂಸು ಹುಟ್ಟಿ ಬೆಳಗಾಗಿತ್ತು, ಅಷ್ಟೇ.

ಶುಕ್ರವಾರ ಮತ್ತೆ ಹೊನ್ನಾವರಕ್ಕೆ ಹೋದೆ. ಈ ಸಲ ಮಾವಯ್ಯ ಪಂಚಾಂಗ ಮುಟ್ಟಲಿಲ್ಲ. ಒಂದು ಸಲ ಎರಡೂವರೆ ತಾಸು ತಂದಿದ್ದೆ, ಈಗ ಆರು ತಾಸು ತಂದಿದ್ದೀಯ, ಇನ್ನೊಂದು ಸಲ ಬಂದರೆ ದಿನವನ್ನೇ ಬದಲಿಸುತ್ತೀಯ ಎಂದರು. ಸೂರ್ಯ ನೆತ್ತಿಯ ಮೇಲಿರುವಾಗ ಆರು ಗಂಟೆ ಎನ್ನುವ ಊರೂ ಇರುತ್ತದೆಯೇ ಎಂದು ಕೇಳಿದರು. ಇರುತ್ತದೆ, ನಿಮ್ಮ ಮಗ ಇರುವ ಊರೇ ಅದು ಎಂದೆ. ನಾನು ಕಾಲು ಹಿಡಿದೆ. ಹಿಂದೆ ಯಾವತ್ತೂ ಯಾರ ಕಾಲನ್ನೂ ಹಾಗೆ ಹಿಡಿದವಳಲ್ಲ. ಅವರು ಕಾಲು ಬಿಡಿಸಿಕೊಳ್ಳಲಿಲ್ಲ. ಕೊನೆಗೆ, ಅವ ಬರೆಯಲಿ, ಅವ ಬರೆದರೆ ದತ್ತಕ ನಿಲ್ಲಿಸುತ್ತೇನೆ, ಹೆಂಗಸಿನ ಆಸೆಯನ್ನು ನಂಬಿ ಇದ್ದೊಬ್ಬ ಮಗನನ್ನು ಕಳಕೊಳ್ಳಲಾರೆ ಎಂದರು.

ನಿನ್ನೆ ಶನಿವಾರ ಕಾಗಾಲಕ್ಕೆ ನಡೆದೇ ಹೋದೆ. ಅಲ್ಲಿಯ ಜೋಯಿಸರಿಗೆ ನಮ್ಮ ಮನೆಯವರು ಯಾರೂ ಗೊತ್ತಿಲ್ಲ. ಉಪ್ಪುನೀರಿನ ಗದ್ದೆಯ ಕಟ್ಟೆಯ ಮೇಲೆ ಕೂಸು ಸ್ವಲ್ಪ ದೂರ ತಾನೇ ನಡೆಯಿತು, ಆಮೇಲೆ ಸೊಂಟ ಹತ್ತಿತು. ಅಲ್ಲಿಯ ಮೂರು, ಇಲ್ಲಿಯ ಐದೂವರೆ, ಸೂರ್ಯೋದಯಕ್ಕೆ ಮೊದಲು ಎಂದು ಹೇಳಿ ಲೆಕ್ಕ ಹಾಕಿಸಿದೆ. ಒಂದನೆಯ ಪಾದ ಮುಗಿದು ನಾಲ್ಕು ತಾಸಿನ ಮೇಲೆ ಹುಟ್ಟಿದ ಕೂಸು ಇದು, ತಂದೆಗೆ ಏನೂ ಕೇಡಿಲ್ಲ ಎಂದರು. ನಾನು ಮತ್ತೊಮ್ಮೆ ಕೇಳಿದೆ. ತಂದೆಗೆ ಏನೂ ಇಲ್ಲ, ಧಾರಾಳ ಮುಖ ನೋಡಬಹುದು ಎಂದರು. ಇನ್ನೂ ಏನೋ ಹೇಳಿದರು, ಅದು ಈಗ ಮುಖ್ಯವಲ್ಲ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟೇ. ಈ ಕಾಗದ ಓದಿದ ಮೇಲೆ ಎದ್ದು ಅಲೆಮ್ ಅಮ್ಮನ ಮನೆಗೆ ಹೋಗಿ. ಮುದುಕಿ ಇದ್ದಾಳೆ ಎಂದು ಹೋದ ವರ್ಷ ನೀವೇ ಬರೆದಿದ್ದಿರಿ. ನನ್ನ ಮಗಳು ಕೋಳಿ ಕೂಗಿದ ಮೇಲೆ ಹುಟ್ಟಿದ್ದೇ ಎಂದು ಅವಳನ್ನೇ ಕೇಳಿ. ಹೌದು ಎಂದರೆ ಅಲ್ಲಿಂದ ನೇರ ಹೋಗಿ ತಂತಿ ಕೊಡಿ. ಜನನ ಸಮಯ ತಪ್ಪು, ಬೆಳಗಿನ ಮೂರು, ದತ್ತಕ ನಿಲ್ಲಿಸಿ. ಇಷ್ಟು ಶಬ್ದ ಸಾಕು. ತಂತಿ ದೆಬ್ರೆ ಮಾರ್ಕೋಸಿನಿಂದಲೇ ಕೊಡಬೇಕಾದರೆ ರಜೆ ಹಾಕಿ ಹೋಗಿ. ಶಾಲೆಯ ಕೆಲಸಕ್ಕೆ ಹೋದವರು ಮಗಳ ಕೆಲಸಕ್ಕೂ ಒಂದು ಸಲ ಹೋಗಿ.

ನೀನು ಇದನ್ನೆಲ್ಲ ನಂಬುತ್ತೀಯಾ ಎಂದು ನೀವು ಕೇಳಬಹುದು. ನಾನು ನಂಬಿದರೆಷ್ಟು ಬಿಟ್ಟರೆಷ್ಟು. ನಕ್ಷತ್ರ ಹೇಳಿ ಕೂಸನ್ನು ಕಸಿಯುತ್ತಿದ್ದಾರೆ, ನಕ್ಷತ್ರ ಹೇಳಿಯೇ ಬಿಡಿಸಿಕೊಳ್ಳಬೇಕು. ಬೇರೆ ಯಾವ ಮಾತೂ ಆ ಮನೆಯಲ್ಲಿ ಯಾರ ಕಿವಿಗೂ ಹೋಗುವುದಿಲ್ಲ. ನಿಮ್ಮ ಕಿವಿಗೂ ಹೋಗಲಿಲ್ಲ.

ದತ್ತು ಕೊಡಲು ಕಾಯಿದೆ ಪ್ರಕಾರ ತಾಯಿಯ ಒಪ್ಪಿಗೆಯೂ ಬೇಕು ಎಂದು ಮಾದೇವ ವಿಚಾರಿಸಿ ಬಂದ. ನಾನು ಒಪ್ಪದಿದ್ದರೆ ಅವರು ಬಲವಂತ ಮಾಡಲಾರರು. ಆದರೆ ಹೊನ್ನಾವರದ ಬಾಗಿಲು ನನಗೆ ಮುಚ್ಚುತ್ತದೆ. ಅದರ ಹಿಂದೆ ನಿಮ್ಮದೂ ಮುಚ್ಚುತ್ತದೆ ಎಂದು ನಿಮ್ಮ ಕಾಗದದಿಂದ ತಿಳಿದೆ. ನೀವು ಕರೆದದ್ದು ನನ್ನೊಬ್ಬಳನ್ನು. ಒಪ್ಪಿದರೆ ಕೂಸಿಲ್ಲ, ಒಪ್ಪದಿದ್ದರೆ ನೀವಿಲ್ಲ. ಇಂಥ ಕಡೆ ತಂದು ನಿಲ್ಲಿಸಿ, ಮನಸ್ಸು ಗಟ್ಟಿ ಮಾಡಿಕೋ ಎಂದು ಬರೆಯಲು ನಿಮಗೆ ಕೈ ಹೇಗೆ ಬಂತು?

ನಾನು ನಿಮ್ಮನ್ನು ಬಿಡಲಾರೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಮೂರು ವರ್ಷದಿಂದ ನನ್ನ ತಲೆಯಲ್ಲಿ ಎರಡು ಗಡಿಯಾರ ನಡೆಯುತ್ತಿವೆ. ಇಲ್ಲಿ ಸಂಜೆಯ ಚಹಾ ಇಡುವಾಗ ನೀವು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಬೀಗ ತೆಗೆಯುತ್ತಿರುತ್ತೀರಿ. ನಾವು ದೀಪ ಆರಿಸಿ ಮಲಗುವಾಗ ನೀವಿನ್ನೂ ಪೇಪರು ತಿದ್ದುತ್ತಿರುತ್ತೀರಿ. ನಿಮ್ಮ ಊರಿನಲ್ಲಿ ಈಗ ಸಾವಿರದ ಒಂಬೈನೂರ ಐವತ್ತೇಳು ನಡೆಯುತ್ತಿದೆ. ನಮ್ಮ ಮದುವೆ ಐವತ್ತೊಂಬತ್ತರಲ್ಲಿ ಆದದ್ದು. ಆ ಲೆಕ್ಕಕ್ಕೆ ನೀವಿನ್ನೂ ನನ್ನನ್ನು ನೋಡಲಿಕ್ಕೇ ಬಂದಿಲ್ಲ. ಬರುವವರಿದ್ದರೆ ಈ ಸಲ ಸ್ವಲ್ಪ ಧೈರ್ಯ ಕಟ್ಟಿಕೊಂಡು ಬನ್ನಿ.

ಆ ಸಣ್ಣ ಲಕೋಟೆಯಲ್ಲಿ ನರ್ಮದಾಳ ಫೋಟೋ ಇದೆ. ಫೋಟೋದಲ್ಲೂ ನೀವು ಮುಖ ನೋಡಬಾರದು ಎಂದು ಮಾವಯ್ಯ ಹೇಳಿದ್ದರಿಂದ ನಾನು ಇಷ್ಟು ವರ್ಷ ಒಂದನ್ನೂ ಕಳಿಸಿರಲಿಲ್ಲ. ನಿನ್ನೆ ಕಾಗಾಲದಿಂದ ಬರುತ್ತ ಹಾಗೇ ಸ್ಟುಡಿಯೋಕ್ಕೆ ಹೋಗಿ ತೆಗೆಸಿದೆ. ಸೋಮವಾರ ಬೆಳಗ್ಗೆ ಕೊಡುತ್ತೇನೆ ಎಂದು ಸ್ಟುಡಿಯೋದವನು ಹೇಳಿದ್ದಾನೆ, ತಂದು ಒಳಗಿಟ್ಟೇ ಅಂಚೆಗೆ ಹಾಕುತ್ತೇನೆ. ಕೆದರಿದ ಕೂದಲಿನಲ್ಲೇ ಕೂತಿದ್ದಾಳೆ, ಕಾಲಿನಲ್ಲಿ ಗದ್ದೆಯ ಕೆಸರಿದೆ. ತಂತಿ ಕೊಟ್ಟು ಮನೆಗೆ ಬಂದು, ಬಾಗಿಲು ಹಾಕಿಕೊಂಡು ತೆರೆಯಿರಿ. ಮೂಗು ನಿಮ್ಮ ಆಯಿಯದೇ. ಉಳಿದದ್ದೆಲ್ಲ ನಿಮ್ಮದು, ನನಗೆ ಏನೂ ಬಿಟ್ಟಿಲ್ಲ.

ತಂತಿಯ ದಾರಿ ಕಾಯುತ್ತಿರುವ,
ನಿಮ್ಮ
ಮೂಕಾಂಬಿ

ತಾ.ಕ.: ಸಹಿ ಹಾಕಿ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಕಾಗಾಲದ ಜೋಯಿಸರು ಹೇಳಿದ ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ನಾನು ಮುಚ್ಚಿಟ್ಟರೂ ಮಾವಯ್ಯ ಗುಣಿಸಿದರೆ ಗೊತ್ತಾಗಿಯೇ ಆಗುತ್ತದೆ. ಬೆಳಗಿನ ಮೂರಕ್ಕೆ ಹುಟ್ಟಿದ ಕೂಸು ಮೂಲಾ ನಕ್ಷತ್ರದ್ದೇ, ಆದರೆ ಎರಡನೆಯ ಪಾದ. ಒಂದನೆಯದು ತಂದೆಗೆ, ಎರಡನೆಯದು ತಾಯಿಗೆ. ದತ್ತು ಕೊಟ್ಟುಬಿಟ್ಟರೆ ನಿನಗೂ ತಪ್ಪುತ್ತದೆ ತಂಗಿ ಎಂದು ಜೋಯಿಸರು ಮೆಲ್ಲಗೆ ಹೇಳಿದರು. ದಕ್ಷಿಣೆ ಇಟ್ಟು, ಕೂಸನ್ನು ಎತ್ತಿಕೊಂಡು ಬಂದೆ.

ಇದಕ್ಕೆ ಹೊನ್ನಾವರದಲ್ಲಿ ಯಾರೂ ತಕರಾರು ಮಾಡಲಾರರು. ನೀವು ಮಾಡಿಯೀರಿ ಎಂಬ ಒಂದು ಆಸೆ ನನಗಿದೆ, ಅದಕ್ಕೇ ಹೇಳದೆ ಬಿಟ್ಟಿದ್ದೆ. ನನಗೆ ಏನಾದರೂ ಆದೀತೆಂದು ಹೆದರಿ ತಂತಿ ಕೊಡದೆ ಕೂರಬೇಡಿ. ಅವಳು ಹುಟ್ಟಿದಂದಿನಿಂದ ದಿನಾ ಬೆಳಗ್ಗೆ ಕಣ್ಣು ಬಿಟ್ಟು ನಾನು ಮೊದಲು ನೋಡುವುದು ಅವಳ ಮುಖವನ್ನೇ. ಇವತ್ತೂ ನೋಡಿಯೇ ಈ ಕಾಗದ ಬರೆಯಲು ಕೂತೆ.